ಕುಬಸಕ್ಕೆ ಸಾಲ ಉಂಟು, ಬಾಣಂತಿಯ ಜೀವಕ್ಕೆ ಇಲ್ಲವೇ?



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮ್ಮ ಸಂಘಗಳ ಸಾಲದ ಪುಸ್ತಕವನ್ನು ಒಮ್ಮೆ ತೆಗೆದು ನೋಡೋಣ. 'ಮನೆ ಖರ್ಚು' ಎಂದು ಬರೆಸಿದ ಸಾಲದಲ್ಲಿ ಕುಬಸಕ್ಕೆ ಹೋದದ್ದೆಷ್ಟು, ತೊಟ್ಟಿಲ ಕಾರ್ಯಕ್ಕೆ ಹೋದದ್ದೆಷ್ಟು? ಕಬ್ಬಿನ ಹೊಲದಲ್ಲಿ ಕೂಲಿ ಮಾಡಿ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತಿ ಕೂಡಿಸಿದ ಹಣ ಬೀಗರ ಸೀರೆಗೆ, ಅಳಿಯನ ಉಂಗುರಕ್ಕೆ ಹೋಗುತ್ತದೆ. ಅದೇ ಬಸುರಿಯನ್ನು ನಡುರಾತ್ರಿ ದವಾಖಾನೆಗೆ ಒಯ್ಯಬೇಕಾದಾಗ ಮನೆಯಲ್ಲಿ ರೊಕ್ಕ ಇರುವುದಿಲ್ಲ!

ವರದಕ್ಷಿಣೆ ಮದುವೆಯ ಹಂದರದ ಕೆಳಗೆ ಮುಗಿಯುವುದಿಲ್ಲ. ಅದು ಬಸುರಿಯ ಬೆನ್ನು ಹತ್ತಿ ಹೆರಿಗೆ ಕೋಣೆಯವರೆಗೂ ಬರುತ್ತದೆ. "ಚೊಚ್ಚಲ ಬಾಣಂತನ ತವರಿನವರದು, ನಾವ್ಯಾಕ ರೊಕ್ಕ ಹಾಕೂಣು?" ಎನ್ನುತ್ತದೆ ಗಂಡನ ಮನೆ. "ಬೀಗರನ್ನ ಒಂದ್ ಮಾತ ಕೇಳದ ಆಪರೇಶನ್ ಮಾಡಿಸಿದ್ರ ನಾಳೆ ಏನಂದಾರು?" ಎಂದು ಹೆದರುತ್ತದೆ ತವರು. ಎರಡು ಮನೆಯವರು ಹೀಗೆ ಚೌಕಾಸಿ ಮಾಡುತ್ತ ಕೂತಾಗ ಹರಿಯುವ ರಕ್ತ ಕಾಯುತ್ತದೆಯೇ? ಹೆರಿಗೆಯಾದ ಮೇಲೆ ವಿಪರೀತ ರಕ್ತ ಹೋಗತೊಡಗಿದರೆ ಎರಡೇ ತಾಸಿನಲ್ಲಿ ಜೀವ ಹೋಗಬಹುದು. ಆಮೇಲೆ ನಾವು ಅನ್ನುವ ಮಾತು ಒಂದೇ: "ಆಕೆಯ ಹಣೆಬರಹ."

ಹಣೆಬರಹ ಅಲ್ಲ. ಇದಕ್ಕೆ ಸಾಕ್ಷಿ ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲೇ ಇದೆ. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 1,620 ಹೆಂಗಸರ ಹೆರಿಗೆಗಳಲ್ಲಿ ಒಂದು ಅಧ್ಯಯನ ನಡೆಯಿತು. ಹೆರಿಗೆ ಮಾಡಿಸಿದವರು ದೊಡ್ಡ ಡಾಕ್ಟರರಲ್ಲ, ಹಳ್ಳಿಯ ನರ್ಸಮ್ಮಂದಿರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಹೆಂಗಸರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು. ಗುಳಿಗೆ ಸಿಗದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾದರೆ, ಗುಳಿಗೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಸೀಮೆಯ ಹೆಂಗಸರಿಂದ ಜಗತ್ತಿನ ಬಡದೇಶಗಳು ಪಾಠ ಕಲಿತವು. ಕಲಿಯದೆ ಉಳಿದದ್ದು ನಮ್ಮ ಪಡಸಾಲೆ.

ಗುಳಿಗೆ ಇದೆ, ಆದರೆ ಬಸುರಿಯನ್ನು ನರ್ಸಮ್ಮನ ಹತ್ತಿರ ಮುಟ್ಟಿಸುವವರು ಯಾರು? ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳ ಮೈಯಲ್ಲಿ ರಕ್ತ ಎಲ್ಲಿಂದ ಬರಬೇಕು? ಹದಿನೆಂಟು ತುಂಬದ ಹುಡುಗಿಯನ್ನು ಮದುವೆ ಮಾಡಿ, ವರ್ಷ ತುಂಬುವುದರೊಳಗೆ ತೊಟ್ಟಿಲು ಕೇಳುವವರು ಯಾರು? ಹೊಟ್ಟೆಯಲ್ಲಿ ಕೂಸಿರುವಾಗಲೇ ಒದೆಯುವವನನ್ನು "ಗಂಡಸು, ಸಿಟ್ಟು ಬಂದಿರಬೇಕು" ಎಂದು ಕಾಪಾಡುವವರು ಯಾರು? ಕಹಿಯಾದರೂ ಹೇಳಲೇಬೇಕು: ಹೀಗೆ ಹೇಳುವ ಅತ್ತೆಯೂ ನಮ್ಮ ಸಂಘದ ಸದಸ್ಯೆಯೇ.

ಸರಕಾರವನ್ನೂ ನಾವು ಬಿಡುವುದಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ, ಏರಿಸಿದ ಸಲೈನಿನ ಗುಣಮಟ್ಟದ ಬಗ್ಗೆಯೇ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಕೇಳೋಣ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ದವಾಖಾನೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿ ಬರುವ ವಾಹನ ಎಲ್ಲವೂ ಉಚಿತ. ಹುಟ್ಟಿದ ಕೂಸಿನ ಚಿಕಿತ್ಸೆಯೂ ಉಚಿತ. ಯಾರಾದರೂ ಕೈ ಚಾಚಿದರೆ ಒಬ್ಬಳೇ ಅಳುವುದು ಬೇಡ, ಸಂಘವೇ ಹೋಗಿ ಕೇಳಲಿ. ಆದರೆ ದವಾಖಾನೆಯ ತಪ್ಪನ್ನು ಮುಂದೆ ಮಾಡಿ ಮನೆಯ ತಪ್ಪನ್ನು ಮುಚ್ಚುವುದು ಬೇಡ.

ಕೂಸು ಹುಟ್ಟಿದಾಗ ಪದ್ಧತಿಯಂತೆ ಕೊಡುವುದು ವರದಕ್ಷಿಣೆಯಲ್ಲ ಎಂದು ಸುಪ್ರೀಂ ಕೋರ್ಟು 2001ರಲ್ಲಿ ಒಂದು ತೀರ್ಪಿನಲ್ಲಿ ಹೇಳಿತು. ಕೋರ್ಟಿನ ಮಾತು ಕೋರ್ಟಿಗಿರಲಿ. ಕೊಡದಿದ್ದರೆ ಮಗಳಿಗೆ ಮಾತು, ಏಟು ತಪ್ಪುವುದಿಲ್ಲ ಎಂಬ ಅಂಜಿಕೆಯಿಂದ ಕೊಡುವುದನ್ನು ಉಡುಗೊರೆ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಅಗತ್ಯದ ಖರ್ಚಿಗೆ ಹಣ ಕೊಡದೆ ಸತಾಯಿಸುವುದು, ಆರೋಗ್ಯ ಕೆಡುವಂತೆ ಹೊಡೆಯುವುದು 2005ರ ಕಾಯಿದೆಯಂತೆ ಕೌಟುಂಬಿಕ ಹಿಂಸೆಯೇ.

ಮುಂದಿನ ಸಭೆಯಲ್ಲಿ ಠರಾವು ಮಾಡೋಣ. ಕುಬಸದ ಆಡಂಬರಕ್ಕೆ ಸಾಲವಿಲ್ಲ. ಪ್ರತಿ ತಿಂಗಳು ಉಳಿತಾಯದ ಒಂದು ಪಾಲು ಹೆರಿಗೆ ನಿಧಿಗೆ. ನಡುರಾತ್ರಿಯಾದರೂ, ಯಾರ ಸಹಿ ಕೇಳದೆ, ಅದನ್ನು ಕೊಡಬೇಕು. ತವರಿಗೆ ಹೊರಟ ಬಸುರಿಯ ಜೊತೆ ತಾಯಿ ಕಾರ್ಡೂ ಹೋಗಬೇಕು, ಆ ಊರಿನ ಆಶಾಳಿಗೆ ಸುದ್ದಿಯೂ ಮುಟ್ಟಬೇಕು. ತಲೆಸಿಡಿತ, ಕಣ್ಣು ಮಂಜು, ಫಿಟ್ಸ್, ರಕ್ತ ಕಂಡರೆ ಬೀಗರನ್ನು ಕೇಳುತ್ತ ಕೂಡದೆ 108ಕ್ಕೆ ಫೋನ್ ಮಾಡಬೇಕು. ಹೊಡೆತ ಕಂಡರೆ 181ಕ್ಕೆ.

ಸೀರೆ ಕೊಡದಿದ್ದರೆ ಬೀಗರು ಸಿಟ್ಟಾದಾರು, ಆಗಲಿ. ಸಿಟ್ಟು ಇಂದಲ್ಲ ನಾಳೆ ಇಳಿಯುತ್ತದೆ. ಹೋದ ಮಗಳು ಬರುವುದಿಲ್ಲ.