ಬೆನ್ನಿಗೆ ಬಿದ್ದ ಆತ್ಮರಕ್ಷಣೆ

2025ರ ಏಪ್ರಿಲ್ 14, ಸೋಮವಾರ. ಬಳ್ಳಾರಿ ಜಿಲ್ಲೆಯ ಮೋಕದ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ಖಾಲಿಯಾಗುವ ಹೊತ್ತು. ಏಳೆಂಟು ಜನ ಒಂದೇ ಮೊಬೈಲಿನ ಮೇಲೆ ಬಗ್ಗಿದ್ದರು. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ಒಬ್ಬ ಹುಡುಗ ಚಪ್ಪಾಳೆ ಹೊಡೆದ. "ಹಂಗ ಆಗ್ಬೇಕು ನೋಡ್ರಿ ಸಾರ್! ಇಪ್ಪತ್ನಾಲ್ಕು ತಾಸಿನಾಗ ಕೇಸ್ ಖತಂ." ಅವನ ಹೆಗಲ ಮೇಲೆ ನೀಲಿ ಶಾಲು. ಇನ್ನೊಂದು ತಾಸಿಗೆ ಅಂಬೇಡ್ಕರ್ ಫೋಟೋಕ್ಕೆ ಹಾರ ಹಾಕಬೇಕಿತ್ತು. ಹಾರ ಪ್ಲಾಸ್ಟಿಕ್ ಕವರಿನಲ್ಲೇ ಬೆಂಚಿನ ಮೇಲೆ ಬೆವರುತ್ತಿತ್ತು.

ಹಿಂದಿನ ದಿನ ಹುಬ್ಬಳ್ಳಿಯಲ್ಲಿ ಐದು ವರ್ಷದ ಬಡವರ ಮಗುವೊಂದನ್ನು ಒಬ್ಬ ಹೊತ್ತೊಯ್ದು ಕೊಂದಿದ್ದ. ಸಂಜೆಯೊಳಗೆ ಪೊಲೀಸರು ಹಿಡಿದರು. ಬಿಹಾರದಿಂದ ಕೂಲಿಗೆ ಬಂದವನು. ಅವನು ಇದ್ದ ಜಾಗ, ಗುರುತು ಪತ್ತೆ ಮಾಡಲು ಕರೆದೊಯ್ದಾಗ ಕಲ್ಲು ತೂರಿ ಓಡಿಹೋಗಲು ನೋಡಿದ, ಗಾಳಿಯಲ್ಲಿ ಗುಂಡು ಹಾರಿಸಿದರೂ ನಿಲ್ಲಲಿಲ್ಲ, ಮತ್ತೆ ಹಾರಿಸಬೇಕಾಯಿತು ಎಂದು ಪೊಲೀಸರ ಹೇಳಿಕೆ. ಒಂದು ಗುಂಡು ಕಾಲಿಗೆ, ಇನ್ನೊಂದು ಬೆನ್ನಿಗೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ಸುಳ್ಳು ಯಾಕೆ ಹೇಳಲಿ? ಸುದ್ದಿ ಕೇಳಿದ ಮೊದಲ ಕ್ಷಣ ನನ್ನ ಎದೆಯೊಳಗೂ ಏನೋ ತಣ್ಣಗಾಯಿತು. ನನಗೂ ಆ ವಯಸ್ಸಿನ ಮೊಮ್ಮಗಳಿದ್ದಾಳೆ. ಆ ತಣ್ಣನೆಯ ಬಗ್ಗೆಯೇ ಈಗ ನನಗೆ ಸಿಟ್ಟು.

ಮೂಲೆಯಲ್ಲಿ ಬೀಡಿ ಹಚ್ಚುತ್ತಿದ್ದ ತಾತ ಒಬ್ಬರಿಗೆ ಮೊಬೈಲ್ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಇತ್ತ ಇತ್ತು. "ಪೊಲೀಸ್ರು ತಮ್ಮ ಜೀವ ಉಳಿಸ್ಕೊಳ್ಳಾಕ ಹೊಡದ್ರು ಅಂದ್ರಲ್ಲ," ಎಂದರು. "ಹಂಗಾದ್ರ ಬೆನ್ನಿಗೆ ಹೆಂಗ ಬಿತ್ತೋ ತಮ್ಮಾ?"

ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದದ್ದು ಸಿಐಡಿ, ಕೋರ್ಟು. ಹೈಕೋರ್ಟಿನ ಮೆಟ್ಟಿಲನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹತ್ತಿದೆ, ತನಿಖೆ ಸಿಐಡಿ ಕೈಗೆ ಹೋಗಿದೆ. ಓಡುವವನ ಬೆನ್ನಿಗೇ ಗುಂಡು ಬೀಳಬಹುದು, ಹಿಡಿಯಲು ಬೇರೆ ದಾರಿಯೇ ಇರಲಿಲ್ಲ ಎಂದು ತನಿಖೆ ಹೇಳಿದರೂ ಹೇಳೀತು. ಗುಂಡು ಹಾರಿಸಿದ ಮಹಿಳಾ ಅಧಿಕಾರಿಯ ಮೇಲೆ ನಾನಿಲ್ಲಿ ತೀರ್ಪು ಕೊಡುತ್ತಿಲ್ಲ. ತೀರ್ಪು ಬರುವ ಮೊದಲೇ ಚಪ್ಪಾಳೆ ಹೊಡೆದ ನಮ್ಮ ಕೈಗಳ ಲೆಕ್ಕ ಕೇಳುತ್ತಿದ್ದೇನೆ. ಬೆನ್ನಿಗೆ ಹೆಂಗ ಬಿತ್ತು ಎಂದು ಕೇಳಲು ಬೀಡಿ ಸೇದುವ ಒಬ್ಬ ಮುದುಕ ಬೇಕಾಯಿತೇ? ಡಿಗ್ರಿ ಮಾಡಿದ ನಾವು ಏಳು ಜನ ಅಲ್ಲೇ ಕೂತಿದ್ದೆವು.

ನಾನು ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಕನ್ನಡ ವ್ಯಾಕರಣ ಹೇಳಿದವನು. ಕರ್ತೃ, ಕರ್ಮ, ಕ್ರಿಯಾಪದ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಬೆರಳು ಸವೆದಿವೆ. ಆ ಚಟದಿಂದಲೇ ಪೇಪರಿನ ಒಂದು ವಾಕ್ಯವನ್ನು ವರ್ಷಗಳಿಂದ ಹಿಂಬಾಲಿಸುತ್ತಿದ್ದೇನೆ. ಊರು ಬದಲಾಗುತ್ತದೆ, ಆರೋಪಿಯ ಹೆಸರು ಬದಲಾಗುತ್ತದೆ, ವಾಕ್ಯ ಬದಲಾಗುವುದಿಲ್ಲ: ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ, ಆತ್ಮರಕ್ಷಣೆಗಾಗಿ ಗುಂಡು ಹಾರಿಸಲಾಯಿತು.

ಈ ವಾಕ್ಯವನ್ನು ಏಳನೇ ತರಗತಿಯ ಮಕ್ಕಳ ಮುಂದಿಡಿ. ಮೊದಲರ್ಧ ಕರ್ತರಿ ಪ್ರಯೋಗ. ಆರೋಪಿ ಕರ್ತೃ, ಹಲ್ಲೆ ಅವನದು, ಓಟ ಅವನದು, ಯತ್ನ ಅವನದು. ಉತ್ತರಾರ್ಧ ಕರ್ಮಣಿ ಪ್ರಯೋಗ. ಗುಂಡು 'ಹಾರಿಸಲಾಯಿತು'. ಯಾರಿಂದ? ತೃತೀಯಾ ವಿಭಕ್ತಿ ನಾಪತ್ತೆ. ಕೈಕೋಳ ತೊಟ್ಟವನು ಮಾತ್ರ ಇಡೀ ವಾಕ್ಯದಲ್ಲಿ ಕೆಲಸ ಮಾಡುವವನು. ಕೈಯಲ್ಲಿ ಪಿಸ್ತೂಲಿದ್ದವರು ವ್ಯಾಕರಣದ ಹಿಂದೆ ಅಡಗಿ ನಿಂತಿದ್ದಾರೆ. ಇನ್ನೂ ಕೆಲವು ಪೇಪರುಗಳಲ್ಲಿ ಗುಂಡು ತಾನೇ 'ಹಾರಿತು', ಗುಬ್ಬಿ ಹಾರಿದ ಹಾಗೆ. 'ಕಾಲಿಗೆ ಗುಂಡು' ಎಂಬ ತಲೆಬರಹಕ್ಕಂತೂ ಕ್ರಿಯಾಪದವೂ ಬೇಡ. ಕೊಲೆ, ದರೋಡೆ, ರೌಡಿಸಂ ಯಾವುದೇ ಇರಲಿ, ಮಹಜರಿಗೆ ಹೋದವನು ಕುಂಟುತ್ತ ಬರುತ್ತಾನೆ. ಬೆಳಗಿನ ಜಾವ, ನಿರ್ಜನ ಪ್ರದೇಶ, ಒಬ್ಬ ಕಾನ್‌ಸ್ಟೆಬಲ್ ಕೈಗೆ ಸಣ್ಣ ಗಾಯ, ಇಬ್ಬರೂ ಒಂದೇ ಆಸ್ಪತ್ರೆಗೆ. ಇಷ್ಟೊಂದು ಆರೋಪಿಗಳು ಇಷ್ಟೊಂದು ಊರುಗಳಲ್ಲಿ ಒಂದೇ ತರಹ ತಪ್ಪಿಸಿಕೊಳ್ಳಲು ಹೋಗಿ ಒಂದೇ ತರಹ ಸಿಕ್ಕಿಬೀಳುತ್ತಾರೆಂದರೆ, ಮಕ್ಕಳು ಪರೀಕ್ಷೆಯಲ್ಲಿ ಒಂದೇ ಉತ್ತರ ಬರೆದಾಗ ನಾವು ಮೇಷ್ಟ್ರುಗಳು ಏನು ತಿಳಿಯುತ್ತಿದ್ದೆವೋ ಅದನ್ನೇ ತಿಳಿಯಬೇಕಾಗುತ್ತದೆ.

ಕಾನೂನು ಇಲ್ಲವೆಂದಲ್ಲ. 2014ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು, ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ, ಹದಿನಾರು ಸೂಚನೆ ಬರೆದಿಟ್ಟಿದೆ. ಪೊಲೀಸ್ ಗುಂಡಿಗೆ ಯಾರೇ ಸತ್ತರೂ ಎಫ್‌ಐಆರ್ ಆಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಗುಂಡು ಹಾರಿಸಿದವರಿಗೆ ಘಟನೆಯ ಬೆನ್ನಲ್ಲೇ ಪದಕ, ಬಡ್ತಿ ಕೊಡಕೂಡದು. ಈ ಕೊನೆಯದು ಯಾಕೆ ಅಂತೀರಿ? ಹೆಣದ ಮೇಲೆ ನಕ್ಷತ್ರ ಸಿಗುತ್ತದೆ ಎಂದಾದರೆ ಹೆಣಗಳು ಹೆಚ್ಚಾಗುತ್ತವೆ ಎಂದು ಆ ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಆದರೆ ಜನ ಕೊಡುವ ಪದಕವನ್ನು ಯಾವ ಕೋರ್ಟು ತಡೆಯುತ್ತದೆ? ಏಪ್ರಿಲ್ 13ರ ರಾತ್ರಿಯಿಂದಲೇ ವಾಟ್ಸಾಪಿನಲ್ಲಿ ಸಿಂಹಿಣಿ, ದುರ್ಗೆ, ಚಾಮುಂಡಿ.

ನಮ್ಮ ಗಡಿ ಊರುಗಳಲ್ಲಿ ತೆಲುಗು ಚಾನೆಲ್ಲೂ ನಡೆಯುತ್ತದೆ. ಹೀಗಾಗಿ 2019ರ ಡಿಸೆಂಬರ್ 6ರಂದು ಹೈದರಾಬಾದಿನ ಹೊರಗೆ ಚಟಾನ್‌ಪಲ್ಲಿಯಲ್ಲಿ ಅತ್ಯಾಚಾರ, ಕೊಲೆ ಪ್ರಕರಣವೊಂದರ ನಾಲ್ವರು ಆರೋಪಿಗಳು ಪೊಲೀಸ್ ಗುಂಡಿಗೆ ಸತ್ತಾಗ ಪೊಲೀಸರ ಮೇಲೆ ಹೂ ಸುರಿದದ್ದನ್ನು ನಾವು ಎರಡು ಭಾಷೆಯಲ್ಲಿ ನೋಡಿದೆವು. ಸೈಬರಾಬಾದಿನ ಆಗಿನ ಕಮಿಷನರ್ ಹುಬ್ಬಳ್ಳಿ ಮೂಲದವರೆಂದು ಕನ್ನಡದ ಚಾನೆಲ್ಲುಗಳಿಗೆ ಹೆಚ್ಚುವರಿ ಹಿಗ್ಗು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇನಲ್ಲಿ ಹೊರಬಂತು: ಪೊಲೀಸರ ಕಥೆ ನಂಬುವಂಥದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ವಿಚಾರಣೆ ನಡೆಯಬೇಕು, ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತರು. ಆ ದಿನ ಯಾವ ಚಾನೆಲ್ಲು ಹೂ ವಾಪಸ್ ತೆಗೆದುಕೊಂಡಿತು? ಪೊಲೀಸರು ಹೈಕೋರ್ಟಿಗೆ ಹೋಗಿ ಆ ವರದಿಯ ಮೇಲಿನ ಕ್ರಮಕ್ಕೆ ತಡೆ ತಂದರು. ಕೋರ್ಟಿಗೆ ಹೋಗುವ ಹಕ್ಕು ಅವರಿಗಿತ್ತು, ಇರಲಿ.

ತಾರೀಖು ಗಮನಿಸಿ. ಡಿಸೆಂಬರ್ 6 ಅಂಬೇಡ್ಕರ್ ತೀರಿಕೊಂಡ ದಿನ. ಏಪ್ರಿಲ್ 13 ಅವರು ಹುಟ್ಟಿದ ದಿನದ ಹಿಂದಿನ ದಿನ, ಜಲಿಯನ್‌ವಾಲಾ ಬಾಗಿನ ದಿನ. ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ತೆಗೆಯುವಂತಿಲ್ಲ ಎಂದು 21ನೇ ವಿಧಿ ಹೇಳುತ್ತದೆ. ಯಾರ ಜೀವವನ್ನೂ. ನೀಲಿ ಶಾಲಿನ ಹುಡುಗನಿಗೆ ಇದನ್ನು ಹೇಳಹೋದರೆ, "ಸಾರ್, ಅವ್ನು ಮನುಷ್ಯನಾ?" ಎಂದ. ಒಬ್ಬನನ್ನು ಮನುಷ್ಯರ ಪಟ್ಟಿಯಿಂದ ಕಿತ್ತು ಆಮೇಲೆ ಅವನಿಗೆ ಏನು ಮಾಡಬೇಕೆಂದು ಕೇಳುವ ಈ ಕ್ರಮ ಯಾವ ಗ್ರಂಥದ್ದೆಂದು ಆ ಶಾಲು ಹೊದ್ದವನಿಗೆ ನಾನು ಹೇಳಿಕೊಡಬೇಕೇ?

"ಕೋರ್ಟಿಗೆ ಹೋದ್ರ ಇಪ್ಪತ್ತು ವರ್ಷ ಆಗತೈತಿ" ಎಂಬುದು ಹೋಟೆಲಿನ ಎರಡನೇ ವಾದ. ಸುಳ್ಳಲ್ಲ. ಆದರೆ ಬಳ್ಳಾರಿಯಲ್ಲಿ ಕೂತು ಈ ಮಾತಾಡುವುದಕ್ಕೆ ನಾಚಿಕೆಯಾಗಬೇಕು. ನಮ್ಮ ಮೂಗಿನ ಕೆಳಗೇ ಗುಡ್ಡಗಳು ಲಾರಿ ಹತ್ತಿ ಹೋದವು. ಅಕ್ರಮ ಗಣಿಗಾರಿಕೆಯ ಬಗ್ಗೆ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ 2011ರ ಜುಲೈನಲ್ಲಿ ಬಂತು. ಓಬಳಾಪುರಂ ಗಣಿ ಪ್ರಕರಣದಲ್ಲಿ ಜನಾರ್ದನ ರೆಡ್ಡಿಯವರನ್ನು ಸಿಬಿಐ ಅದೇ ಸೆಪ್ಟೆಂಬರಿನಲ್ಲಿ ಬಂಧಿಸಿತು. ಕೋರ್ಟು ತಪ್ಪಿತಸ್ಥರೆಂದು ತೀರ್ಪು ಕೊಟ್ಟು ಏಳು ವರ್ಷ ಶಿಕ್ಷೆ ಹೇಳಿದ್ದು 2025ರ ಮೇ 6ರಂದು, ಹುಬ್ಬಳ್ಳಿಯ ಗುಂಡಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಹದಿಮೂರು ವರ್ಷ ಎಂಟು ತಿಂಗಳು. ಜೂನ್‌ನಲ್ಲಿ ಹೈಕೋರ್ಟು ಶಿಕ್ಷೆ ಅಮಾನತು ಮಾಡಿತು, ಜಾಮೀನು ಸಿಕ್ಕಿತು. ಈ ಹದಿಮೂರು ವರ್ಷದಲ್ಲಿ ಗಣಿ ಪ್ರಕರಣಗಳ ಒಬ್ಬ ದೊಡ್ಡ ಆರೋಪಿಯನ್ನಾದರೂ ಗುಡ್ಡಕ್ಕೆ ಮಹಜರಿಗೆ ಕರೆದೊಯ್ದಾಗ ಅವನು ಕಲ್ಲು ತೂರಿದ್ದುಂಟೇ? ಓಡಿದ್ದುಂಟೇ? "ಖತಂ ಮಾಡ್ರಿ" ಎಂದು ಮೋಕದ ಯಾವ ಹೋಟೆಲಿನಲ್ಲಾದರೂ ಯಾರಾದರೂ ಕೂಗಿದ್ದುಂಟೇ? ಇಲ್ಲ. ಕೂಗಬಾರದಿತ್ತು ಕೂಡ. ಅವರಿಗೆ ವಕೀಲರಿದ್ದರು, ಮೇಲ್ಮನವಿಯಿತ್ತು, ಜಾಮೀನಿತ್ತು. ಕಾನೂನು ಅವರ ಪಾಲಿಗೆ ಇದ್ದಂತೆ ಬಿಹಾರದ ಕೂಲಿಯ ಪಾಲಿಗೂ ಒಂದು ವಾರವಾದರೂ ಇರಬೇಕಿತ್ತು. ಗಲ್ಲು ಶಿಕ್ಷೆಯೇ ಆಗುತ್ತಿತ್ತೇನೋ, ಆ ಮಗುವಿನ ಅಪ್ಪ ಅಮ್ಮ ಕೋರ್ಟಿನಲ್ಲಿ ನಿಂತು ನಡೆದದ್ದನ್ನೆಲ್ಲ ಕೇಳುತ್ತಿದ್ದರು. ಅವನ ಬಾಯಿಂದ ಬರಬೇಕಾದ ಸತ್ಯವೂ ಅವನ ಜೊತೆಗೇ ಹೋಯಿತು.

ಈಗ ಹಳೆಯ ಗಾಯಕ್ಕೆ ಬರುತ್ತೇನೆ. 1980ರ ಜುಲೈ 21. ನರಗುಂದ, ನವಲಗುಂದ. ನಾವು ತುಂಗಭದ್ರೆ ಕಾಲುವೆಯವರು, ಅವರು ಮಲಪ್ರಭೆ ಕಾಲುವೆಯವರು. ನೀರು ಬರುವ ಮೊದಲೇ ನೀರಿನ ಕರ, ಅಭಿವೃದ್ಧಿ ಕರ ಬಂದರೆ ಹೇಗಿರುತ್ತದೆಂದು ಕಾಲುವೆಯ ಕೊನೆ ಭಾಗದಲ್ಲಿ ಬದುಕುವ ಮೋಕ, ಸಿರುಗುಪ್ಪದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಗುಂಡೂರಾವ್ ಸರ್ಕಾರದ ಪೊಲೀಸರು ಗುಂಡು ಹಾರಿಸಿದರು (ನೋಡಿ, ನಾನು ಕರ್ತೃ ಬರೆದಿದ್ದೇನೆ), ರೈತರು ಸತ್ತರು. ರೊಚ್ಚಿಗೆದ್ದ ಜನರ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಸತ್ತರು. ಅದನ್ನು ಮುಚ್ಚಿಟ್ಟು ಬರೆಯುವವನು ನಾನಲ್ಲ. ಅವರೂ ರೈತರ ಮಕ್ಕಳೇ. ಆ ಸಾವುಗಳಿಂದ ರೈತ ಸಂಘ ಎದ್ದಿತು, 1983ರಲ್ಲಿ ಆ ಸರ್ಕಾರ ಬಿತ್ತು. ಇವತ್ತಿಗೂ ಜುಲೈ 21ಕ್ಕೆ ಹಸಿರು ಶಾಲಿನವರು ಅಲ್ಲಿನ ವೀರಗಲ್ಲಿಗೆ ಹೂ ಇಡುತ್ತಾರೆ. ಸತ್ತವರಿಗೆ ಹೂ. ಹಾರಿಸಿದವರಿಗೆ ಹೂ ಹಾಕುವ ಕಾಲ ಆಗ ಬಂದಿರಲಿಲ್ಲ.

2008ರಲ್ಲಿ ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಮೇ 30ಕ್ಕೆ. ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಜೂನ್ 10ಕ್ಕೆ. ಇಬ್ಬರು ಹೋದರು. ಮುಂಗಾರು ಬಿತ್ತನೆಗೆ ಒಂದು ಚೀಲ ಗೊಬ್ಬರ, ಅಷ್ಟೇ ಬೇಡಿಕೆ.

2019ರ ಡಿಸೆಂಬರ್ 19, ಮಂಗಳೂರು. ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ದಿನ ಗುಂಡಿಗೆ ಇಬ್ಬರು ಸತ್ತರು, ಒಬ್ಬ ಇಪ್ಪತ್ಮೂರರ ಹುಡುಗ. ಪೊಲೀಸರು ಸತ್ತವರಿಬ್ಬರ ಹೆಸರನ್ನೂ ಎಫ್‌ಐಆರ್‌ನಲ್ಲಿ ಆರೋಪಿಗಳಾಗಿ ಬರೆದರು. ತಲಾ ಹತ್ತು ಲಕ್ಷ ಪರಿಹಾರ ಘೋಷಿಸಿದ ಸರ್ಕಾರ ಎರಡು ಮೂರು ದಿನಕ್ಕೆ ಮಾತು ಹಿಂತೆಗೆದುಕೊಂಡಿತು. ತನಿಖೆ ಮುಗಿಯಲಿ, ತಪ್ಪಿತಸ್ಥರಾದರೆ ಕೊಡುವುದಿಲ್ಲ ಎಂಬ ನ್ಯಾಯ. ಪರಿಹಾರಕ್ಕೆ ತನಿಖೆ ಬೇಕು, ಗುಂಡಿಗೆ ಬೇಡ! ಆಗ ನಮ್ಮ ಕಡೆ ಇದರ ಬಗ್ಗೆ ಎಷ್ಟು ಜನ ಮಾತಾಡಿದರು? ಬೆರಳೆಣಿಕೆ. "ಅಂಥೋರಿಗೆ ಹಂಗ ಆಗ್ಬೇಕು" ಎಂದವರೇ ಹೆಚ್ಚು. ಹುಬ್ಬಳ್ಳಿಗೂ ಇದೇ ಮಾತು. 'ಅಂಥೋರು'. ಈ ಸರ್ವನಾಮದಲ್ಲಿ ಯಾರು ಬೇಕಾದರೂ ಹಿಡಿಸುತ್ತಾರೆ. 1980ರಲ್ಲಿ ಅದರೊಳಗೆ ಕರ ಕಟ್ಟದ ರೈತರಿದ್ದರು. ಸ್ವಾತಂತ್ರ್ಯಕ್ಕೂ ಮುಂಚೆ, 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ, ಬಾವುಟ ಹಿಡಿದವರಿದ್ದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಕಾನ್‌ಸ್ಟೆಬಲ್. ಬಂಡಾಯ ಬರೆಯುವ ಮೇಷ್ಟ್ರು ಎಂದು ದೂರದಿಂದಲೇ ನಗುತ್ತಾನೆ, ಎದುರು ಸಿಕ್ಕರೆ ಇವತ್ತಿಗೂ ಕಾಲು ಮುಟ್ಟುತ್ತಾನೆ. ಅವನನ್ನು ಕೇಳಿದೆ. ಬೈಕಿನ ಮೇಲೇ ಕೂತು ಹೇಳಿದ: "ಸಾರ್, ಠಾಣೆ ಮುಂದ ಸಾವಿರ ಮಂದಿ ನಿಂತು 'ನಮ್ಮ ಕೈಗೆ ಕೊಡ್ರಿ ಅವನ್ನ' ಅಂತಾರ. ಮ್ಯಾಲಿಂದ ಫೋನ್ ಮ್ಯಾಲೆ ಫೋನ್. ಹೊಡದ್ರ ನೀವು ಬರೀತೀರಿ, ಬಿಟ್ರ ಅವ್ರು ಬೈತಾರ. ನಾಳೆ ಕೇಸ್ ಆದ್ರ ಫೋನ್ ಮಾಡಿದೋರು ಬರಲ್ಲ, ನಾನೇ ಕಟಕಟಿಯಾಗ ನಿಲ್ಲಬೇಕು." ಇಷ್ಟು ಹೇಳಿ ಹೆಲ್ಮೆಟ್ ಹಾಕಿಕೊಂಡ. ಫೋನ್ ಮಾಡುವವರಿಗೂ ಒಂದು ವಿಭಕ್ತಿ ಪ್ರತ್ಯಯ ಬೇಕಲ್ಲ, ಅದನ್ನು ಯಾವ ಆಯೋಗದ ವರದಿಯಲ್ಲಿ ಹುಡುಕಲಿ?

ಮತ್ತೆ ಹೋಟೆಲಿಗೆ. ಆ ನೀಲಿ ಶಾಲಿನ ಹುಡುಗನ ಬಗ್ಗೆ ಒಂದು ಸಂಗತಿ ಹೇಳುವುದು ಉಳಿದಿದೆ. ನಮ್ಮ ಕಡೆಯ ಕೆಂಪು ಮೆಣಸಿನಕಾಯಿ ಲಾರಿ ಹತ್ತುವುದು ಬ್ಯಾಡಗಿಗೆ. 2024ರ ಮಾರ್ಚ್ 11ರಂದು ಅಲ್ಲಿ ದರ ಏಕಾಏಕಿ ಬಿದ್ದಾಗ ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು, ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಬಂದ ಪೊಲೀಸರು ಬೆರಳೆಣಿಕೆ, ಜನ ಸಾವಿರಾರು. 2008ರ ಅದೇ ಹಾವೇರಿ ಜಿಲ್ಲೆ. ಈ ಸಲ ಮಾತ್ರ ಒಂದು ಹೆಣವೂ ಬೀಳಲಿಲ್ಲ. ಸುಟ್ಟದ್ದು ಕಬ್ಬಿಣ, ಅದನ್ನು ಮತ್ತೆ ಕೊಳ್ಳಬಹುದು. ಆ ದಿನ ಈ ಹುಡುಗ ಅಪ್ಪನ ಚೀಲಗಳ ಜೊತೆ ಅದೇ ಮಾರುಕಟ್ಟೆಯಲ್ಲಿದ್ದ. ಬೆಂಕಿ ಹಚ್ಚಲಿಲ್ಲ, ಹಚ್ಚಿದವರ ಜೊತೆ ಓಡಿದ. ಊರಿಗೆ ಬಂದವನು, ವಿಡಿಯೊ ನೋಡಿ ಹಿಡಿಯುತ್ತಿದ್ದಾರೆಂಬ ಹೆದರಿಕೆಗೆ ನಾಲ್ಕು ದಿನ ಹೊಲದ ಗುಡಿಸಲಲ್ಲಿ ಮಲಗಿದ್ದ. ಮೆಣಸಿನ ಘಾಟಿಗೆ ಕೆಮ್ಮಿದರೆ ಯಾರಿಗಾದರೂ ಕೇಳೀತೆಂದು ಬಾಯಿಗೆ ಟವೆಲ್ ಒತ್ತಿಕೊಂಡಿದ್ದನ್ನು ಅವನೇ ನನಗೆ ನಗುತ್ತ ಹೇಳಿದ್ದ.

"ಅವತ್ತು ಬ್ಯಾಡಗಿಯಾಗ ಪೊಲೀಸರು ಹೊಡೆದಿದ್ರ?" ಎಂದು ಕೇಳಿದೆ. "ನೀನೂ ಓಡಿದೋನೇ. ಓಡೋನ ಬೆನ್ನು ಪೊಲೀಸರ ಕಡೆಗೇ ಇರತೈತಿ."

ಹುಡುಗ ಹಾರದ ಕವರು ಕೈಗೆ ತೆಗೆದುಕೊಂಡು ಎದ್ದ. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ನಾವೇನು ಅಂಥೋರಾ, ಸಾರ್?"