ನಿವೃತ್ತಿ ಒಬ್ಬರದು, ಮನೆ ಇಬ್ಬರದು

ಮೂವತ್ತು ಮೂವತ್ತೈದು ವರ್ಷ ಒಂದೇ ಹೊತ್ತಿಗೆ ಬುತ್ತಿ ಹಿಡಿದು ಹೊರಟವರು ಒಂದು ಸಂಜೆ ಹಾರ, ಶಾಲು, ಹಣ್ಣಿನ ಬುಟ್ಟಿಯೊಡನೆ ಮನೆಗೆ ಮರಳುತ್ತಾರೆ. ನಮ್ಮ ರಾಜ್ಯದ ಸರ್ಕಾರಿ ನೌಕರರಿಗೆ ಈ ದಿನವು ಹಿಂದೆ 58ನೆಯ ವಯಸ್ಸಿಗೆ ಬರುತ್ತಿತ್ತು. 2008ರಿಂದ 60ಕ್ಕೆ ಬರುತ್ತಿದೆ. ಬೀಳ್ಕೊಡುವ ಸಭೆಯಲ್ಲಿ ಮಾತನಾಡಿದವರೆಲ್ಲ ವಿಶ್ರಾಂತ ಜೀವನವನ್ನು ಹಾರೈಸುತ್ತಾರೆ. ಆದರೆ ಆ ಹಾರೈಕೆಯನ್ನು ಗೃಹಿಣಿಗೆ ಯಾರೂ ಹೇಳುವುದಿಲ್ಲ. ಮರುದಿನ ಬೆಳಿಗ್ಗೆ ಯಜಮಾನರು ಪತ್ರಿಕೆ ಹಿಡಿದು ಪಡಸಾಲೆಯಲ್ಲಿ ಕುಳಿತಿರುವಾಗ ಆಕೆ ಎಂದಿನಂತೆ ಒಲೆಯ ಮುಂದಿರುತ್ತಾಳೆ. ಹನ್ನೊಂದು ಗಂಟೆಯ ಚಹಾ ಒಂದು ಹೆಚ್ಚಾಗಿರುತ್ತದೆ.

ಹೊಸದಾಗಿ ನಿವೃತ್ತರಾದವರು ಕಚೇರಿಯನ್ನು ಬಿಟ್ಟುಬಂದರೂ ಅಲ್ಲಿಯ ಮೇಲ್ವಿಚಾರಣೆಯ ಅಭ್ಯಾಸವನ್ನು ಮನೆಗೆ ತರುವುದುಂಟು. ನಮ್ಮ ಬಡಾವಣೆಯ ಹಿರಿಯರೊಬ್ಬರು, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು, ಮೊದಲ ತಿಂಗಳಲ್ಲಿಯೇ ಅಡಿಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿಟ್ಟರು. ಅಕ್ಕಿಯ ಪಕ್ಕದಲ್ಲಿ ಅರಿಸಿನ, ಅದರ ಪಕ್ಕದಲ್ಲಿ ಅವಲಕ್ಕಿ. ಒಲೆಯ ಬದಿಯಲ್ಲಿ ಕೈಗೆಟಕುವಂತಿದ್ದ ಸಾಸಿವೆ ಮೇಲಿನ ಹಲಗೆಯ ತುದಿಗೆ ಹೋಯಿತು. ಅವರ ಮನೆಯವರು ಒಂದು ಮಾತೂ ಆಡಲಿಲ್ಲ. ಎರಡು ದಿನ ಒಗ್ಗರಣೆಯಿಲ್ಲದ ಸಾರು ಬಡಿಸಿದರು. ಮೂರನೆಯ ದಿನ ಸಾಸಿವೆ ತಾನಾಗಿಯೇ ಒಲೆಯ ಬದಿಗೆ ಮರಳಿತು.

ಇದು ನಗುವ ಮಾತಾದರೂ ಇದರಲ್ಲಿ ತಿಳಿಯಬೇಕಾದುದೊಂದು ಇದೆ. ಮನೆಯೊಳಗಿನ ಪ್ರತಿಯೊಂದು ವಸ್ತುವಿನ ಸ್ಥಾನಕ್ಕೂ ಬಹುಕಾಲದ ಅನುಭವದ ಕಾರಣವಿರುತ್ತದೆ. ಜೋಳದ ಹಿಟ್ಟನ್ನು ಒಮ್ಮೆಗೇ ಹೆಚ್ಚು ಬೀಸಿಸಿಡಬಾರದೇಕೆ ಎಂಬುದು ರೊಟ್ಟಿ ತಟ್ಟಿದ ಕೈಗೆ ಗೊತ್ತು. ಹಿಟ್ಟು ಹಳತಾದಂತೆ ಜಿಗಿ ಕಡಿಮೆಯಾಗಿ ರೊಟ್ಟಿಯ ಅಂಚು ಒಡೆಯುತ್ತದೆ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ಕಲಸಿ ನಾದುವುದೂ ಆ ಜಿಗಿಗಾಗಿಯೇ. ಇಂತಹ ತಿಳಿವಳಿಕೆಗೆ ಪ್ರಮಾಣಪತ್ರವಿಲ್ಲ, ಬಡ್ತಿಯಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಪತಿ ಮಾರಯ್ಯನು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಆಕೆ. ಮನೆಯ ಅಳತೆಯನ್ನು ಬಲ್ಲವಳ ಮಾತನ್ನು ಆ ಶರಣನು ಕೇಳಿ ನಡೆದನೆಂಬುದನ್ನು ನಿವೃತ್ತ ಯಜಮಾನರು ನೆನೆಯಬೇಕು.

ಇನ್ನು ಇದರ ಮತ್ತೊಂದು ಮುಖವಿದೆ; ಅದು ನಗುವ ವಿಷಯವಲ್ಲ. ಹಾಲಿನ ಲೆಕ್ಕವನ್ನು ತಿಂಗಳ ಕೊನೆಗೆ ಬೆರಳ ತುದಿಯಲ್ಲಿ ಹೇಳುವ ತಾಯಂದಿರಲ್ಲಿ ಅನೇಕರಿಗೆ, ಯಜಮಾನರ ಪಿಂಚಣಿ ಯಾವ ಶಾಖೆಯಲ್ಲಿ ಜಮೆಯಾಗುತ್ತದೆಂಬುದು ಗೊತ್ತಿರುವುದಿಲ್ಲ. 'ಅದೆಲ್ಲ ಅವರೇ ನೋಡಿಕೊಳ್ಳುತ್ತಾರೆ' ಎಂಬುದೇ ಉತ್ತರ. ಅವರು ಇಲ್ಲದ ದಿನ ಏನಾಗುವುದು? ಪರಿಚಯದ ಮನೆಯೊಂದರಲ್ಲಿ ಹಾಗೆಯೇ ಆಯಿತು. ಪಿಂಚಣಿ ಪಾವತಿ ಆದೇಶದ ಪತ್ರವು ಹಳೆಯ ಟ್ರಂಕಿನಲ್ಲಿ ವಿಮೆಯ ರಸೀದಿಗಳ ಅಡಿಯಲ್ಲಿ ಸಿಕ್ಕಿತು. ಅದರಲ್ಲಿ ಆ ತಾಯಿಯ ಹೆಸರು 'ಅವ್ವ' ಎಂದು ಮುಗಿದಿದ್ದರೆ ಆಧಾರ್ ಕಾರ್ಡಿನಲ್ಲಿ 'ಅಮ್ಮ' ಎಂದು ಮುಗಿದಿತ್ತು. ಇಬ್ಬರೂ ಒಬ್ಬರೇ ಎಂದು ತೋರಿಸಿಕೊಡಲು ಆ ದುಃಖದ ದಿನಗಳಲ್ಲಿ ಆಕೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು.

ಆದ್ದರಿಂದ ಕೆಲವು ಸಂಗತಿಗಳನ್ನು ದಂಪತಿಗಳು ಒಟ್ಟಿಗೆ ಕುಳಿತು ನೋಡಿಡುವುದು ಒಳ್ಳೆಯದು. ಎಲ್ಲ ದಾಖಲೆಗಳಲ್ಲಿಯೂ ಪತ್ನಿಯ ಹೆಸರು ಮತ್ತು ಜನ್ಮ ದಿನಾಂಕ ಒಂದೇ ರೀತಿಯಾಗಿರಬೇಕು. ಜನ್ಮ ದಿನಾಂಕಕ್ಕೆ ಬೇರೊಂದು ಮಹತ್ವವೂ ಉಂಟು: ಕೇಂದ್ರ ಸರ್ಕಾರದ ನಿಯಮದಂತೆ 80 ವರ್ಷ ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ಶೇ. 20ರಷ್ಟು ಹೆಚ್ಚುವರಿ ಸಲ್ಲುತ್ತದೆ. ಕುಟುಂಬ ಪಿಂಚಣಿ ಪಡೆಯುವ ಪತ್ನಿಗೂ ಇದು ಅನ್ವಯಿಸುತ್ತದೆ. ಸಾಮಾನ್ಯ ಕುಟುಂಬ ಪಿಂಚಣಿಯು ಕೊನೆಯ ವೇತನದ ಶೇ. 30ರಷ್ಟಿರುವುದರಿಂದ, ಒಬ್ಬರೇ ಉಳಿದಾಗ ಬರುವ ಹಣ ಎಷ್ಟೆಂಬುದನ್ನೂ ಮೊದಲೇ ಲೆಕ್ಕ ಹಾಕಬಹುದು. ಪಿಂಚಣಿಯ ಖಾತೆಯು ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಇದ್ದರೆ ಮುಂದೆ ತೊಡಕು ಕಡಿಮೆ. ವರ್ಷಕ್ಕೊಮ್ಮೆ ಕೊಡುವ ಜೀವಿತ ಪ್ರಮಾಣಪತ್ರವನ್ನು 2014ರಲ್ಲಿ ಆರಂಭವಾದ 'ಜೀವನ್ ಪ್ರಮಾಣ್' ವ್ಯವಸ್ಥೆಯ ಮೂಲಕ ಸಲ್ಲಿಸಬಹುದು. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮನೆಯಿಂದಲೇ ಕಳುಹಿಸಬಹುದು. ಬ್ಯಾಂಕಿಗೇ ಹೋಗುವುದಾದರೂ ಆಕೆ ಒಬ್ಬಳೇ ಹೋಗಿಬರುವ ರೂಢಿಯಾಗಲಿ. 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿರುವುದರಿಂದ, ಜೊತೆಗೆ ಹೊರಟರೆ ಚೀಟಿಯ ಹಣ ಬೀಳುವುದು ಯಜಮಾನರಿಗೆ ಮಾತ್ರ.

ಇದನ್ನು ಪತ್ನಿಗೆ ಮಾಡುವ ಉಪಕಾರವೆಂದು ಯಾರೂ ಭಾವಿಸಬಾರದು. ಪಿಂಚಣಿಯು ಸರ್ಕಾರದ ಕೃಪೆಯಿಂದ ದೊರೆಯುವ ದಾನವಲ್ಲ, ಸಲ್ಲಿಸಿದ ಸೇವೆಯಿಂದ ಬಂದ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಕಾರಾ ಅವರ ಪ್ರಕರಣದಲ್ಲಿ ಸಾರಿತು. ಆ ದಿನವನ್ನು ಇಂದಿಗೂ ಪಿಂಚಣಿದಾರರ ದಿನವಾಗಿ ಆಚರಿಸುತ್ತಾರೆ. ಬೆಳಗಿನ ಬುತ್ತಿ ತಪ್ಪದಂತೆ, ಮಕ್ಕಳ ಓದು ಕೆಡದಂತೆ, ವರ್ಗಾವಣೆಯಾದ ಊರೂರಿನಲ್ಲಿ ಹೊಸದಾಗಿ ಒಲೆ ಹೂಡಿದವಳ ದುಡಿಮೆಯೂ ಆ ಸೇವೆಯಲ್ಲಿ ಸೇರಿದೆಯಲ್ಲವೆ?

ಓದುಗ ಬಂಧುಗಳು ವಾರದಲ್ಲಿ ಎರಡು ಸಂಜೆಗಳನ್ನು ಇದಕ್ಕಾಗಿ ತೆಗೆದಿಡಬೇಕೆಂದು ನಮ್ಮ ವಿನಂತಿ. ಒಂದು ಸಂಜೆ ಯಜಮಾನರು ಪಾಸ್‌ಬುಕ್, ವಿಮೆಪತ್ರ, ಮನೆಯ ಪತ್ರಗಳನ್ನು ಹರಡಿ ಒಂದೊಂದನ್ನೇ ವಿವರಿಸಲಿ. ಆಕೆ ತನ್ನ ಕೈಯಿಂದಲೇ ಚೆಕ್ಕು ಬರೆಯಲಿ. ಇನ್ನೊಂದು ಸಂಜೆ ಅವರು ಆಕೆಯ ಮುಂದೆ ಕುಳಿತು ಅನ್ನಕ್ಕೆ ನೀರಿನ ಅಳತೆ, ಬೇಳೆ ಬೇಯುವ ಹೊತ್ತು, ಸಿಲಿಂಡರ್ ಬದಲಿಸುವ ಬಗೆಯನ್ನು ಕಲಿಯಲಿ. ಮೊದಮೊದಲು ಅನ್ನ ಮುದ್ದೆಯಾದೀತು, ಚೆಕ್ಕಿನ ಸಹಿ ವಾರೆಯಾದೀತು. ನಗುತ್ತ ತಿದ್ದಲು ಎದುರಿಗೆ ಒಬ್ಬರಿರುವಾಗಲೇ ಕಲಿಯುವುದು ಲೇಸು. ಇಬ್ಬರಲ್ಲಿ ಒಬ್ಬರು ಮುಂದೊಂದು ದಿನ ಒಬ್ಬರೇ ಉಳಿಯಬೇಕಾದುದು ಸಂಸಾರದ ನಿಯಮ. ಹಾಗೆ ಉಳಿದವರು ಯಾರೇ ಆಗಲಿ, ಹಸಿದಾಗ ತಮ್ಮ ಅನ್ನವನ್ನು ತಾವೇ ಮಾಡಿಕೊಳ್ಳುವಂತೆ, ತಮಗೆ ಸಲ್ಲಬೇಕಾದ ಹಣವನ್ನು ತಾವೇ ಹೋಗಿ ತರುವಂತೆ ಇರಲಿ.