ಕಮಾನಿಗಿಂತ ಗುಡಾರ ಮೇಲು

ನಮ್ಮ ಶಾಲೆಯು ಐವತ್ತು ವಸಂತಗಳನ್ನು ಪೂರೈಸಿರುವ ಈ ಶುಭಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದ್ದಾರೆ. ನಿವೃತ್ತ ಮುಖ್ಯೋಪಾಧ್ಯಾಯನಿಂದ ಇಂತಹ ಸಂಚಿಕೆಗಳು ನಿರೀಕ್ಷಿಸುವುದು ಹಳೆಯ ನೆನಪುಗಳನ್ನು ಮತ್ತು ಆಶೀರ್ವಾದವನ್ನು. ಅವೆರಡನ್ನೂ ಸಂತೋಷದಿಂದ ಕೊಡುತ್ತೇನೆ. ಅವುಗಳ ಜೊತೆಗೆ, ಯಾರೂ ಕೇಳದಿದ್ದರೂ, ಒಂದು ಅಭಿಪ್ರಾಯವನ್ನೂ ಸೇರಿಸುತ್ತಿದ್ದೇನೆ. ವಯಸ್ಸಾದವನ ಈ ಸ್ವಾತಂತ್ರ್ಯವನ್ನು ಓದುಗರು ಮನ್ನಿಸಬೇಕು.

ಸುವರ್ಣ ಮಹೋತ್ಸವದ ನಿಧಿಯಿಂದ ಶಾಲೆಯ ಹೆಬ್ಬಾಗಿಲಿಗೆ ಕಲ್ಲಿನ ಕಮಾನು ಕಟ್ಟಿಸಬೇಕೆಂಬ ಸಲಹೆ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಂದ ಬಂದಿದೆ. ಅವರ ಅಭಿಮಾನ ದೊಡ್ಡದು. ಆದರೆ ಅದೇ ಹಣದ ಒಂದು ಭಾಗದಲ್ಲಿ ಹತ್ತು ಹನ್ನೆರಡು ಗುಡಾರಗಳನ್ನು ಕೊಂಡು, ಮಕ್ಕಳು ವರ್ಷಕ್ಕೊಮ್ಮೆ ಎರಡು ರಾತ್ರಿ ಬಯಲಲ್ಲಿ ಮಲಗುವಂತೆ ಒಂದು ಶಿಬಿರಸ್ಥಾನವನ್ನು ಸಿದ್ಧಪಡಿಸಬೇಕೆಂಬುದು ನನ್ನ ಬಿನ್ನಹ. ಕಮಾನಿನ ಕೆಳಗೆ ಮಕ್ಕಳು ನಡೆದುಹೋಗುತ್ತಾರೆ. ಗುಡಾರದ ಕೆಳಗೆ ಬೆಳೆಯುತ್ತಾರೆ.

ಗುಡಾರವೆಂದರೆ ಹೊರಗಿನಿಂದ ಬಂದ ವಿಲಾಸವೆಂದು ಭಾವಿಸಬೇಕಾಗಿಲ್ಲ. ನಮ್ಮ ಭಾಷೆಯಲ್ಲೇ ಅದಕ್ಕೆ ಎಷ್ಟು ಪದಗಳಿವೆ ನೋಡಿ: ಗುಡಾರ, ಡೇರೆ, ಬಿಡಾರ, ಬೀಡು, ಪಾಳೆಯ. ಶಾಸನಗಳಲ್ಲಿ ಅರಸನು ತಂಗಿದ ಸ್ಥಳವೇ ಬೀಡು, ನೆಲೆವೀಡು. ಈ ಸೀಮೆಯ ಬೆಟ್ಟಗಳ ಮೇಲೆ ಕೋಟೆ ಕಟ್ಟಿ ಆಳಿದ ಪಾಳೆಯಗಾರರ ಹೆಸರಿನಲ್ಲೇ ಪಾಳೆಯವಿದೆ. ನಿಜಾಮನು 1800ರಲ್ಲಿ ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಟ್ಟ ಮೇಲೆ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಊರಿಂದೂರಿಗೆ ಡೇರೆ ಹಾಕಿಕೊಂಡೇ ಸಂಚರಿಸುತ್ತ ರೈತರ ಅಹವಾಲು ಕೇಳಿದನು. ಮುಂದೆ ಮದ್ರಾಸಿನ ಗವರ್ನರನಾಗಿದ್ದಾಗಲೂ ಈ ಸೀಮೆಯ ಸಂಚಾರದಲ್ಲಿಯೇ 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದನು. ಕಂದಾಯ ವಸೂಲಿಗೆ ಬಂದವನೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಬಂಗಲೆಯಲ್ಲಿ ಕುಳಿತವನಿಗಿಂತ ಡೇರೆಯಲ್ಲಿ ಕುಳಿತವನಿಗೆ ಜನರ ಕಷ್ಟ ಹೆಚ್ಚು ಕೇಳಿಸುತ್ತದೆ ಎಂಬ ಪಾಠ ಅದರಲ್ಲಿದೆ.

ನಾನು ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದ ಕಡೆಯ ಹಳ್ಳಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ.ಯವರೆಗೆ ಓದಿ, ಶಿಕ್ಷಕರ ತರಬೇತಿ ಮುಗಿಸಿ ಹಿಂದೂಪುರಕ್ಕೆ ಬಂದವನು. ಬಯಲಲ್ಲಿ ಮಲಗುವ ವಿದ್ಯೆಯನ್ನು ನಾನು ಮೊದಲು ಕಂಡದ್ದು ಕುರಿಗಾಹಿಗಳಲ್ಲಿ. ಸುಗ್ಗಿ ಮುಗಿದ ಹೊಲಗಳಲ್ಲಿ ಅವರು ಮಂದೆ ತರುಬುತ್ತಿದ್ದರು. ಕುರಿಯ ಗೊಬ್ಬರ ಹೊಲಕ್ಕೆ, ಹೊಲದೊಡೆಯನ ಕಾಳು ಕುರಿಗಾಹಿಗೆ. ಒಂದು ಕಂಬಳಿ, ಒಂದು ಕೋಲು, ಒಂದು ಮಡಕೆ, ಮೂರು ಕಲ್ಲಿನ ಒಲೆ. ಇವಿಷ್ಟೇ ಅವರ ಸಂಸಾರ. ಆದರೆ ಆ ಸರಳತೆಯ ಹಿಂದೆ ಎಷ್ಟು ತಿಳಿವಳಿಕೆ ಇತ್ತು! ಬೇಸಿಗೆಯಲ್ಲಿ ಒಣಗಿದ ಹಳ್ಳದ ಮರಳು ಎಷ್ಟೇ ಮೆತ್ತಗಿದ್ದರೂ ಅವರು ಅಲ್ಲಿ ಮಲಗುತ್ತಿರಲಿಲ್ಲ. ಮೇಲೆಲ್ಲೋ ಸುರಿದ ಮಳೆ ನಡುರಾತ್ರಿಯಲ್ಲಿ ಹಳ್ಳವಾಗಿ ಬರುವುದೆಂದು ಅವರು ಬಲ್ಲರು. ಒಣಕೊಂಬೆಯ ಕೆಳಗೆ ಮಲಗುತ್ತಿರಲಿಲ್ಲ. ಗಾಳಿ ಬೀಸುವ ದಿಕ್ಕು ನೋಡದೆ ಬೆಂಕಿ ಹಚ್ಚುತ್ತಿರಲಿಲ್ಲ. ಹೊರಡುವಾಗ ಬೂದಿಯ ಮೇಲೆ ನೀರು ಹಾಕಿ, ಕೈಯಿಂದ ಮುಟ್ಟಿ ನೋಡಿ ಹೊರಡುತ್ತಿದ್ದರು. ಇಂದು ಶಿಬಿರದ ಕೈಪಿಡಿಗಳಲ್ಲಿ ಅಚ್ಚಾಗುವ ನಿಯಮಗಳು ಇವೇ ಅಲ್ಲವೆ?

ಮಕ್ಕಳ ಶಿಕ್ಷಣದಲ್ಲಿ ಗುಡಾರಕ್ಕೆ ಸ್ಥಾನ ಕೊಟ್ಟದ್ದು ಸ್ಕೌಟ್ ಚಳವಳಿ. 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರೊಡನೆ ಡೇರೆ ಹಾಕಿದನು. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಒಂದೇ ಡೇರೆಯಲ್ಲಿ ಮಲಗಿದರು. ಎರಡೇ ವರ್ಷಗಳಲ್ಲಿ, 1909ರಲ್ಲಿ, ನಮ್ಮ ನೆರೆಯ ಬೆಂಗಳೂರಿನಲ್ಲಿ ಭಾರತದ ಮೊದಲ ಸ್ಕೌಟ್ ದಳ ಆರಂಭವಾಯಿತು. ಬೇರೆ ಬೇರೆಯಾಗಿದ್ದ ಸಂಘಗಳು ಒಂದಾಗಿ ಭಾರತ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ರೂಪುಗೊಂಡದ್ದು 1950ರ ನವೆಂಬರಿನಲ್ಲಿ. ದಾವಣಗೆರೆಯ ಹತ್ತಿರ ಕೊಂಡಜ್ಜಿಯಲ್ಲಿ ಕೆರೆಯ ಮಗ್ಗುಲಿಗೆ ಕಾಡಿನ ನೆರಳಿನಲ್ಲಿರುವ ಸ್ಕೌಟ್ ತರಬೇತಿ ಕೇಂದ್ರವನ್ನು ಕಂಡವರಿಗೆ, ಇಂತಹ ಸ್ಥಳಕ್ಕೆ ಬೇಕಾದುದು ಎಷ್ಟು ಸ್ವಲ್ಪವೆಂಬುದು ತಿಳಿದೀತು.

ನಮ್ಮ ಶಾಲೆಯೂ ಹಿಂದುಳಿಯಲಿಲ್ಲ. ಎಂಬತ್ತರ ದಶಕದಲ್ಲಿ ಆರೇಳು ವರ್ಷ, ಡಿಸೆಂಬರ್ ತಿಂಗಳಲ್ಲಿ, ಏಳನೆಯ ತರಗತಿಯ ಹುಡುಗರನ್ನು ಪೆನುಗೊಂಡೆಯ ಬೆಟ್ಟದ ಬುಡಕ್ಕೆ ಕರೆದೊಯ್ಯುತ್ತಿದ್ದೆವು. ಆಗ ನಮ್ಮಲ್ಲಿದ್ದುದು ಬಾಡಿಗೆಯ ಟಾರ್ಪಾಲು, ಬೊಂಬು, ಹಗ್ಗ. 1565ರ ರಕ್ಕಸತಂಗಡಿ ಯುದ್ಧದ ಅನಂತರ ವಿಜಯನಗರದ ರಾಜಧಾನಿಯಾದ ಊರು ಅದು ಎಂದು ತರಗತಿಯಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ, ಕೋಟೆಗೋಡೆಯ ಕಡೆ ಮುಖ ಮಾಡಿ ರಾತ್ರಿ ಕಳೆದವನಿಗೆ ಒಂದೇ ಸಲಕ್ಕೆ ಹೋಗುತ್ತಿತ್ತು. ಮೃಗಶಿರ ನಕ್ಷತ್ರವನ್ನು ಪಂಚಾಂಗದಲ್ಲಿ ಮಾತ್ರ ಬಲ್ಲ ಹುಡುಗ ಅದನ್ನು ನೆತ್ತಿಯ ಮೇಲೆ ಕಾಣುತ್ತಿದ್ದ. ಮುದ್ದೆ ತೊಳಸುವ ಸರದಿ ಬಂದವನ ಮುದ್ದೆಯಲ್ಲಿ ಗಂಟುಗಳು ಗೋಲಿಯಂತೆ ಸಿಕ್ಕುತ್ತಿದ್ದವು. ನೆಲಗಡಲೆಯ ಚಟ್ನಿಯ ಬಲದಿಂದ ಅದನ್ನೂ ನುಂಗಿ, ಮನೆಗೆ ಹಿಂದಿರುಗಿದ ಮೇಲೆ ಅಮ್ಮನ ಅಡಿಗೆಗೆ ಹೆಸರಿಟ್ಟವರು ಒಬ್ಬರೂ ಇರಲಿಲ್ಲವೆಂದು ತಾಯಂದಿರೇ ಬಂದು ಹೇಳಿದ್ದುಂಟು. ತೆಲುಗು ಮನೆಮಾತಿನ ಹುಡುಗನು ತಂಗೇಡು ಎಂದ ಗಿಡವನ್ನು ಕನ್ನಡದವನು ತಂಗಡಿ ಎನ್ನುತ್ತಿದ್ದ. ಇಬ್ಬರೂ ಒಂದೇ ಹಳದಿ ಹೂವನ್ನು ಕುರಿತು ವಾದ ಮಾಡುತ್ತಿದ್ದುದನ್ನು ಕೇಳುವುದೇ ಒಂದು ವ್ಯಾಕರಣ ಪಾಠವಾಗಿತ್ತು.

ಇಷ್ಟು ಹೇಳಿ ಮುಗಿಸಿದರೆ ಲೇಖನ ಸುಖವಾಗಿ ಮುಗಿಯುತ್ತದೆ. ಆದರೆ ಸತ್ಯ ಮುಗಿಯುವುದಿಲ್ಲ. ಮೇಲಿನ ಸಾಲುಗಳಲ್ಲಿ "ಹುಡುಗರು" ಎಂದೇ ಬರೆದಿರುವುದನ್ನು ನೀವು ಗಮನಿಸಿರಬಹುದು. ಆ ಆರೇಳು ವರ್ಷಗಳಲ್ಲಿ ಒಬ್ಬ ಹುಡುಗಿಯನ್ನೂ ನಾವು ಕರೆದೊಯ್ಯಲಿಲ್ಲ. ಒಂದು ವರ್ಷ, ಹೊರಡುವ ಹಿಂದಿನ ದಿನ, ಏಳನೆಯ ತರಗತಿಯ ಹುಡುಗಿಯೊಬ್ಬಳು ಕೊಠಡಿಯ ಬಾಗಿಲಲ್ಲಿ ನಿಂತು, "ನಮಗ್ಯಾಕೆ ಇಲ್ಲ ಸಾರ್?" ಎಂದು ಕೇಳಿದಳು. "ಅಲ್ಲಿ ನಿಮಗೆ ಅನುಕೂಲ ಇಲ್ಲಮ್ಮ" ಎಂದೆ. ಅವಳು ಸ್ವಲ್ಪ ಯೋಚಿಸಿ, "ಅನುಕೂಲ ಮಾಡಿದರೆ ಬರ್ತೀವಿ ಸಾರ್" ಎಂದಳು. ನಾನು ಹಾಜರಿ ಪುಸ್ತಕ ತೆರೆದು ಏನೋ ಬರೆಯುವವನಂತೆ ತಲೆ ತಗ್ಗಿಸಿದೆ. ಅವಳು ಹೋದಳು.

ಅನುಕೂಲವೆಂದರೆ ಏನು? ನಾಲ್ಕು ಕಡೆ ಮರೆಯಿರುವ ಒಂದು ಶೌಚದ ಗುಂಡಿ, ಒಂದು ಪೀಪಾಯಿ ನೀರು, ಒಂದು ಲಾಂದ್ರ, ಜೊತೆಗೊಬ್ಬ ಶಿಕ್ಷಕಿ. ಅರ್ಧ ದಿನದ ಕೆಲಸ. ಗುಡಾರಕ್ಕೆಂದು ಗೂಟ ಹೊಡೆದ ನಾವು ಅದೇ ಸುತ್ತಿಗೆಯಿಂದ ಇನ್ನು ನಾಲ್ಕು ಗೂಟ ಹೊಡೆದು ಗೋಣಿತಟ್ಟು ಕಟ್ಟಿದ್ದರೆ ಸಾಕಾಗಿತ್ತು. ಹುಡುಗರಿಗೆ ಬಯಲೇ ಸಾಕೆಂದು ನಾವು ಬಿಟ್ಟುಬಿಟ್ಟೆವು. ಅದಕ್ಕೆ ಕಷ್ಟಸಹಿಷ್ಣುತೆಯ ತರಬೇತಿ ಎಂದು ಹೆಸರನ್ನೂ ಕೊಟ್ಟೆವು. ಸೌಕರ್ಯವಿಲ್ಲದಿರುವುದು ಕೆಲವರಿಗೆ ಸಾಹಸವಾಗುತ್ತದೆ, ಉಳಿದವರಿಗೆ ಮುಚ್ಚಿದ ಬಾಗಿಲಾಗುತ್ತದೆ. ಈ ಮಾತನ್ನು ನಾನು ಕಲಿಯುವ ಹೊತ್ತಿಗೆ ನಿವೃತ್ತಿಯ ದಿನ ಹತ್ತಿರವಾಗಿತ್ತು.

ಇಂತಹ ತಪ್ಪು ನಮ್ಮೊಬ್ಬರದೇ ಅಲ್ಲ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟರ ಮೇಳ ನಡೆದಾಗ, ಕರೆಯದಿದ್ದರೂ ಕೆಲವು ಹುಡುಗಿಯರು ತಾವೂ ಸ್ಕೌಟರೆಂದು ಬಂದು ನಿಂತರು. ಮರುವರ್ಷವೇ ಗರ್ಲ್ ಗೈಡ್ಸ್ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯೆಂದರೆ ಗೋಡೆ, ಕರಿಹಲಗೆ ಮಾತ್ರವಲ್ಲ, ಕುಡಿಯುವ ನೀರು ಮತ್ತು ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವೂ ಇರಬೇಕೆಂದು ವಿಧಿಸಿತು. ಕಟ್ಟಡದೊಳಗಿನ ಪಾಠಕ್ಕೆ ಬೇಕಾದುದು ಬಯಲಿನ ಪಾಠಕ್ಕೆ ಬೇಡವೆ?

ಈಗಿನ ತಂದೆತಾಯಿಗಳು ಕೇಳಬಹುದು: ಪ್ರವಾಸಕ್ಕೆ ಬಸ್ಸುಗಳಿವೆ, ಬೆಂಗಳೂರಿನ ಸುತ್ತ ಬೇಕಾದಷ್ಟು ರೆಸಾರ್ಟುಗಳಿವೆ, ಅಲ್ಲಿ ಹವಾನಿಯಂತ್ರಿತ ಡೇರೆಗಳೂ ಇವೆ, ಮಕ್ಕಳು ನೆಲದ ಮೇಲೇಕೆ ಮಲಗಬೇಕು? ಹಣ ಕೊಟ್ಟು ಹೋಗುವ ಡೇರೆಯಲ್ಲಿ ಮಗು ಅತಿಥಿ. ತಾನೇ ಕಟ್ಟಿದ ಗುಡಾರದಲ್ಲಿ ಮಗು ಗೃಹಸ್ಥ. ಒಂದು ಕೊಡ ನೀರು ಹೊತ್ತು ತಂದವನಿಗೆ ಮಾತ್ರ ನೀರಿನ ತೂಕ ಗೊತ್ತು. ಮಳೆ ಅಪರೂಪವಾದ ಈ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪಾಠ ಯಾವುದು?

ಅಪಾಯದ ಮಾತು ಬೇರೆ. ಅದನ್ನು ಹಗುರವಾಗಿ ನೋಡುವಂತಿಲ್ಲ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡುಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಹುಲ್ಲು ಒಣಗಿದ ಕಾಲದಲ್ಲಿ ಬೆಟ್ಟ ಹತ್ತಬಾರದೆಂಬುದಕ್ಕೆ ಅದಕ್ಕಿಂತ ಕಠೋರವಾದ ಪಾಠ ಬೇಡ. ಕಲ್ಯಾಣದುರ್ಗ, ರಾಯದುರ್ಗಗಳ ಬಂಡೆಬೆಟ್ಟಗಳಲ್ಲಿ ಕರಡಿಗಳಿವೆ. ಜೇನಿಗೂ ಸೀತಾಫಲಕ್ಕೂ ಅವು ಊರಂಚಿಗೆ ಇಳಿಯುತ್ತವೆ. ಮೀಸಲು ಅರಣ್ಯದೊಳಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವುದೂ ಅಲ್ಲಿ ಬೆಂಕಿ ಹಚ್ಚುವುದೂ ಕಾನೂನಿಗೆ ವಿರುದ್ಧ. ಆದುದರಿಂದ ನಮ್ಮ ಶಿಬಿರ ಕಾಡಿನೊಳಗೆ ಬೇಡ. ಊರಿಗೆ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಕೆರೆಯ ಅಂಗಳ ಬಿಟ್ಟು ಎತ್ತರದಲ್ಲಿ, ಒಡೆಯನ ಒಪ್ಪಿಗೆ ಪಡೆದ ಹೊಲವೋ ತೋಪೋ ಆದರೆ ಸಾಕು. ಮೊದಲ ವರ್ಷ ಶಾಲೆಯ ಮೈದಾನವೇ ಆಗಲಿ.

ಬೇಕಾದುದು ಇಷ್ಟು. ತಳಕ್ಕೂ ಬಟ್ಟೆ ಹೊಲಿದು, ಜಿಪ್ಪಿನಿಂದ ಮುಚ್ಚಬಹುದಾದ ಗುಡಾರಗಳು. ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಟ್ಟುಹಾವು ಕಚ್ಚುವುದು ಹೆಚ್ಚು. ನಮ್ಮ ಹಳೆಯ ಟಾರ್ಪಾಲಿಗೆ ಈ ರಕ್ಷಣೆ ಇರಲಿಲ್ಲ, ದೇವರ ದಯೆ ಮಾತ್ರ ಇತ್ತು. ಕಾಯಿಸಿ ಆರಿಸಿದ ಕುಡಿಯುವ ನೀರು. ನೀರಿನ ಸೆಲೆಯಿಂದ ಕನಿಷ್ಠ ಇನ್ನೂರು ಅಡಿ ದೂರದಲ್ಲಿ ಹುಡುಗಿಯರಿಗೂ ಹುಡುಗರಿಗೂ ಪ್ರತ್ಯೇಕವಾಗಿ ಮರೆಯುಳ್ಳ, ರಾತ್ರಿ ದೀಪವಿರುವ ಶೌಚಾಲಯ, ಪಕ್ಕದಲ್ಲಿ ಸಾಬೂನು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ತಿರದ ಆಸ್ಪತ್ರೆಗೆ ಹೋಗಲು ನಿಂತಿರುವ ಒಂದು ವಾಹನ. ರಾತ್ರಿಯಿಡೀ ಸರದಿಯ ಮೇಲೆ ಎಚ್ಚರವಿರುವ ಇಬ್ಬರು ಹಿರಿಯರು, ಅವರಲ್ಲಿ ಒಬ್ಬರಾದರೂ ಮಹಿಳೆ. ಸೆಪ್ಟೆಂಬರ್, ಅಕ್ಟೋಬರ್ ಮಳೆಯೂ ಕಳೆದು, ಬೇಸಿಗೆಯೂ ಬಾರದ ಡಿಸೆಂಬರ್ ತಿಂಗಳೇ ಯೋಗ್ಯ ಕಾಲ. ಇದಕ್ಕಿಂತ ಕಡಮೆಯಾದರೆ ಶಿಬಿರ ಬೇಡ. ಇದಕ್ಕಿಂತ ಹೆಚ್ಚಾದರೂ ಬೇಡ. ಮೊಬೈಲ್ ಶಿಕ್ಷಕರ ಬಳಿ ಒಂದಿದ್ದರೆ ಸಾಕು.

ಗಡಿಯಲ್ಲಿರುವ ಕನ್ನಡ ಶಾಲೆಗೆ ಇದರಿಂದ ಇನ್ನೊಂದು ಪ್ರಯೋಜನವಿದೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿ ಉಳಿಯಿತು. ಗಡಿಗಳು ಬದಲಾಗುತ್ತವೆ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮತ್ತು ಲೇಪಾಕ್ಷಿಯ ಕನ್ನಡ ಶಾಸನಗಳು ಇದ್ದಲ್ಲಿಯೇ ಇವೆ. ತರಗತಿಯಲ್ಲಿ ಕನ್ನಡ ಒಂದು ಪ್ರಶ್ನೆಪತ್ರಿಕೆ. ಗುಡಾರದ ಮುಂದೆ, ಕತ್ತಲೆಯಲ್ಲಿ, ಊರಿನ ಹಿರಿಯನೊಬ್ಬ ಮಂದೆ ಕಾಯ್ದ ಕಥೆ ಹೇಳಲು ಕುಳಿತಾಗ ಅದು ಬದುಕಿನ ಮಾತಾಗುತ್ತದೆ. ಮಗು ಆ ರಾತ್ರಿ ಕಲಿತ ಪದವನ್ನು ಯಾವ ಪರೀಕ್ಷೆಯೂ ಅಳಿಸಲಾರದು.

ಬಾಗಿಲಲ್ಲಿ ನಿಂತು ಕೇಳಿದ ಆ ಹುಡುಗಿಗೆ ಈಗ ಐವತ್ತರ ಸಮೀಪದ ವಯಸ್ಸಾಗಿರಬೇಕು. ಅವಳು ಯಾವ ಊರಿನಲ್ಲಿದ್ದಾಳೋ ನಾನರಿಯೆ. ಈ ಸಂಚಿಕೆ ಅವಳ ಕೈಗೂ ಸೇರಬಹುದು. ತಾಯಿ, ನಿನ್ನ ಪ್ರಶ್ನೆಗೆ ಅಂದು ಉತ್ತರ ಕೊಡದೆ ತಲೆ ತಗ್ಗಿಸಿದ್ದು ನನ್ನ ತಪ್ಪು. ಅನುಕೂಲ ಮಾಡುವುದು ನಿನ್ನ ಕೆಲಸವಾಗಿರಲಿಲ್ಲ, ನನ್ನದಾಗಿತ್ತು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಕೈಮುಗಿದು ಕೇಳುತ್ತೇನೆ. ಕಮಾನು ಇನ್ನು ಹತ್ತು ವರ್ಷಗಳ ಮೇಲೆ, ಅರವತ್ತರ ಉತ್ಸವಕ್ಕೂ ಆದೀತು. ಈ ವರ್ಷ ಏಳನೆಯ ತರಗತಿಯಲ್ಲಿರುವ ಮಕ್ಕಳು ಮುಂದಿನ ವರ್ಷ ಏಳನೆಯ ತರಗತಿಯಲ್ಲಿರುವುದಿಲ್ಲ. ಈ ಡಿಸೆಂಬರಿಗೆ ಗುಡಾರಗಳನ್ನು ತಂದುಕೊಡಿ. ಗೂಟ ಹೊಡೆಯಲು ನನ್ನ ಕೈಯಲ್ಲಿ ಈಗ ಬಲವಿಲ್ಲ. ರಾತ್ರಿ ಎಚ್ಚರವಿರಲು ನನ್ನನ್ನು ಕರೆಯಿರಿ, ಈ ವಯಸ್ಸಿಗೆ ನಿದ್ದೆ ಹೇಗೂ ಕಡಮೆ.

ಶಾಲೆಗೂ ಅದರ ಮಕ್ಕಳಿಗೂ ಮಂಗಳವಾಗಲಿ.